ಬೂದು ಚೌಕಕ್ಕೆ ಮಾರಿಯೊ ಜಂಪ್ ಕಲಿಸುತ್ತಿದ್ದೇನೆ

ದಿನ 1

ಇದು ಸುಮ್ನೆ ಹಟಕ್ಕೆ ಬಿದ್ದು ಶುರು ಮಾಡಿದ ಕೆಲಸ. ಸೂಪರ್ ಮಾರಿಯೊ ಬ್ರದರ್ಸ್ ಆಟದ ಜಂಪ್ ಇದೆಯಲ್ಲ, ಅದೊಂದನ್ನು ಮಾತ್ರ ನಾನೇ ಮಾಡಿ ನೋಡಬೇಕು. ಮೀಸೆ ಬೇಡ, ಟೋಪಿ ಬೇಡ, ಹಾಡು ಬೇಡ. ಒಂದು ಬೂದು ಚೌಕ, ಅದರ ಕೆಳಗೆ ಒಂದು ಗೆರೆ. ಗುಂಡಿ ಒತ್ತಿದರೆ ಚೌಕ ಮಾರಿಯೊ ಹಾಗೇ ನೆಗೆಯಬೇಕು. ಅಷ್ಟೇ.

ಹಟ ಹುಟ್ಟಿದ್ದು ಒಂದು ವಾದದಿಂದ. "ಆ ಆಟದಲ್ಲಿ ಏನಿದೆಯೋ? ಚಿಕ್ಕವರಿದ್ದಾಗ ಆಡಿದ್ವಿ, ಅದಕ್ಕೇ ಇಷ್ಟ. ಹಳೇ ನೆನಪು ಕಣೋ" ಅಂದ ಗೆಳೆಯನೊಬ್ಬ. ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದ ಮೇಲೆ ಹೊಳೆಯಿತು, ಎಂದಿನ ಹಾಗೆ. 1985ರ ಸೆಪ್ಟೆಂಬರ್ 13ಕ್ಕೆ ಜಪಾನಿನಲ್ಲಿ ಬಂದ ಆಟ ಅದು. ಇಡೀ ಆಟದ ಗಾತ್ರ 40 ಕಿಲೋಬೈಟ್. ಅದರಲ್ಲಿ 32 ಪ್ರೋಗ್ರಾಮಿಗೆ, 8 ಚಿತ್ರಗಳಿಗೆ. ಅಷ್ಟರಲ್ಲೇ 8 ಲೋಕ, ಒಂದೊಂದರಲ್ಲಿ ನಾಲ್ಕರಂತೆ 32 ಲೆವೆಲ್. ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಷ್ಟು ಕೈ ಬಿಗಿ ಹಿಡಿದು ಮಾಡಿದ ಆಟವನ್ನು, ಆಗ ಹುಟ್ಟೇ ಇರದಿದ್ದವರೂ ಕೂತು ಆಡುತ್ತಾರೆ. ಅವರಿಗೆಲ್ಲಿಂದ ಬಂತು ಹಳೇ ನೆನಪು?

ಹಾಗಾದರೆ ನೆನಪು ತರುವ ಸಾಮಾನನ್ನೆಲ್ಲ ಕಿತ್ತು ಹಾಕೋಣ, ಜಂಪ್ ಒಂದನ್ನೇ ಉಳಿಸೋಣ, ಏನಾಗುತ್ತೆ ನೋಡೋಣ ಅಂದುಕೊಂಡೆ.

ಗೇಮ್ ಮಾಡುವ ಸಾಫ್ಟ್‌ವೇರ್ ಗೊಡೊ ಎಂಜಿನ್ ಹಾಕಿಕೊಂಡೆ. ಅದು ಉಚಿತ, ಮೇಲಾಗಿ ಓಡಾಡುವ ಪಾತ್ರಕ್ಕೆ ಬೇಕಾದ ಕೋಡ್‌ನ ಟೆಂಪ್ಲೇಟ್ ಅದರಲ್ಲೇ ಸಿಗುತ್ತೆ. ಹತ್ತು ನಿಮಿಷದಲ್ಲಿ ಚೌಕ ನೆಗೆಯಿತು. ನೋಡಿ ಖುಷಿಯಾಯಿತು. ಇಪ್ಪತ್ತು ಸಲ ನೆಗೆಸಿದ ಮೇಲೆ ಬೇಜಾರಾಯಿತು. ಏನೋ ಇಲ್ಲ. ಏನಿಲ್ಲ ಅಂತ ಹೇಳಲು ಬರುತ್ತಿಲ್ಲ.

ದಿನ 3

ಕಣ್ಣಳತೆ ಬಿಟ್ಟು ಲೆಕ್ಕಕ್ಕೆ ಇಳಿದೆ. ಪುಣ್ಯಕ್ಕೆ ಈ ಆಟದ ಅಭಿಮಾನಿಗಳು ಮೂಲ ಪ್ರೋಗ್ರಾಮನ್ನು ಬಿಡಿಸಿ, ಸಾಲು ಸಾಲಿಗೂ ಟಿಪ್ಪಣಿ ಬರೆದಿಟ್ಟಿದ್ದಾರೆ. ಜಂಪಿನ ಅಂಕಿಗಳು ಅಲ್ಲೇ ಇವೆ. ಪರದೆ ಮೇಲೆ ಒಂದಾದ ಮೇಲೊಂದು ಬರುವ ಚಿತ್ರಕ್ಕೆ ಫ್ರೇಮ್ ಅಂತಾರೆ, ಚಿತ್ರದ ಒಂದು ಚುಕ್ಕಿಗೆ ಪಿಕ್ಸೆಲ್. ನಿಂತಲ್ಲಿಂದ ನೆಗೆದರೆ ಮೊದಲ ಫ್ರೇಮಿನ ವೇಗ 4 ಪಿಕ್ಸೆಲ್. ಆಮೇಲೆ ಗುಂಡಿ ಒತ್ತಿಕೊಂಡೇ ಇದ್ದರೆ, ಫ್ರೇಮಿಗೆ ಪಿಕ್ಸೆಲ್‌ನ ಎಂಟನೇ ಒಂದು ಭಾಗದಷ್ಟು ವೇಗ ಇಳಿಯುತ್ತೆ. 32 ಫ್ರೇಮಿಗೆ ವೇಗ ಸೊನ್ನೆ. ಅಷ್ಟರಲ್ಲಿ ಹತ್ತಿದ್ದು ಸುಮಾರು 64 ಪಿಕ್ಸೆಲ್. ಒಂದು ಇಟ್ಟಿಗೆ 16 ಪಿಕ್ಸೆಲ್, ಅಂದರೆ ಸರಿಯಾಗಿ ನಾಲ್ಕು ಇಟ್ಟಿಗೆ ಎತ್ತರ.

ಗೊಡೊದಲ್ಲಿ ಲೆಕ್ಕ ಸೆಕೆಂಡಿನಲ್ಲಿ. ಸೆಕೆಂಡಿಗೆ 60 ಫ್ರೇಮ್, ಆದ್ದರಿಂದ ಎರಡೂ ಅಂಕಿಯನ್ನು 60ರಿಂದ ಗುಣಿಸಿ ಹಾಕಿದೆ. ಗುಂಡಿ ಒತ್ತಿದೆ. ಚೌಕ ಮೇಲೆ ಹೋಯಿತು. ಹೋಯಿತು. ಪರದೆಯ ಮೇಲಂಚು ದಾಟಿ ಕಾಣೆಯಾಯಿತು. ಎಲ್ಲೋ ಬಗ್ ಇದೆ ಅಂತ ಕೋಡ್ ಓದುತ್ತಾ ಕೂತೆ. ಒಂದು ನಿಮಿಷ ಆಗಿರಬೇಕು, ಚೌಕ ತೆಪ್ಪಗೆ ಮೇಲಿನಿಂದ ಇಳಿದು ಬಂದು ತನ್ನ ಜಾಗದಲ್ಲಿ ಕೂತಿತು!

ವೇಗವನ್ನು ಒಂದು ಸಲ 60ರಿಂದ ಗುಣಿಸಿದರೆ ಸಾಕು. ಗ್ರಾವಿಟಿಯನ್ನು, ಅಂದರೆ ವೇಗ ಇಳಿಸುವ ಆ ಎಂಟನೇ ಒಂದು ಭಾಗವನ್ನು, ಎರಡು ಸಲ ಗುಣಿಸಬೇಕು. ನಾನು ಒಂದೇ ಸಲ ಗುಣಿಸಿದ್ದೆ. 32 ಫ್ರೇಮಿನ ಏರಿಕೆಗೆ 32 ಸೆಕೆಂಡ್ ಹಿಡಿದಿತ್ತು. ಶಾಲೆಯಲ್ಲಿ ಭೌತಶಾಸ್ತ್ರದ ಪಾಠ ಸರಿಯಾಗಿ ಕೇಳಿದ್ದರೆ ಈ ದಿನ ಉಳಿಯುತ್ತಿತ್ತು.

ದಿನ 4

ಸರಿಪಡಿಸಿದೆ. ಈಗ ನಾಲ್ಕು ಇಟ್ಟಿಗೆ ಎತ್ತರಕ್ಕೆ ಸರಿಯಾಗಿ ಹೋಗುತ್ತೆ. ಆದರೂ ರಬ್ಬರ್ ಚೆಂಡಿನ ಹಾಗೆ ಇದೆ. ಹತ್ತಲು ಎಷ್ಟು ಹೊತ್ತೋ ಇಳಿಯಲೂ ಅಷ್ಟೇ ಹೊತ್ತು. ನಿಜವಾದ ಜಗತ್ತಿನಲ್ಲಿ ಹಾಗೇ ಅಲ್ವಾ, ಕಲ್ಲು ಎಸೆದರೆ?

ಮಾರಿಯೊ ಹಾಗಲ್ಲ. ತುದಿ ಮುಟ್ಟಿ ಕೆಳಗೆ ತಿರುಗಿದ ಕ್ಷಣ ಅವನ ಗ್ರಾವಿಟಿಯೇ ಬದಲಾಗುತ್ತೆ. ಹತ್ತುವಾಗ ಫ್ರೇಮಿಗೆ ಹದಿನಾರರಲ್ಲಿ ಎರಡು ಭಾಗ, ಇಳಿಯುವಾಗ ಹದಿನಾರರಲ್ಲಿ ಏಳು. ಮೂರೂವರೆ ಪಟ್ಟು ಜಾಸ್ತಿ. ಹಾಗಂತ ಬಿದ್ದಷ್ಟೂ ವೇಗ ಏರುತ್ತಾ ಹೋಗಲು ಬಿಡುವುದಿಲ್ಲ, ಫ್ರೇಮಿಗೆ ಸುಮಾರು 4 ಪಿಕ್ಸೆಲ್‌ಗೆ ಕಡಿವಾಣ. ನನ್ನ ಲೆಕ್ಕದಲ್ಲಿ ಹತ್ತಲು 32 ಫ್ರೇಮ್ ಆದರೆ ಇಳಿಯಲು 21.

ಎರಡನೇ ಗ್ರಾವಿಟಿ ಹಾಕಿ ಗುಂಡಿ ಒತ್ತಿದೆ. ಅಬ್ಬಾ. ಚೌಕಕ್ಕೆ ತೂಕ ಬಂತು. ಮೇಲೆ ತೇಲುತ್ತಾ ಹೋಗಿ, ಕೆಳಗೆ ಧೊಪ್ ಅಂತ ಬರುತ್ತೆ. ಮೇಲೆ ಹೋಗುವಾಗ ಎಲ್ಲಿ ಇಳಿಯಬೇಕು ಅಂತ ನೋಡಲು ಸಮಯ ಸಿಗುತ್ತೆ. ಇಳಿಯುವಾಗ ಕಾಯಿಸುವುದಿಲ್ಲ. ಭೌತಶಾಸ್ತ್ರದ ಪ್ರಕಾರ ಇದು ಶುದ್ಧ ಸುಳ್ಳು, ಆದರೆ ಬೆರಳಿಗೆ ನಿಜ ಅನಿಸುತ್ತೆ. ಈ ಸಾಲು ಬರೆಯುವ ಮೊದಲು ಇನ್ನೊಂದು ಐವತ್ತು ಸಲ ನೆಗೆಸಿದೆ, ಬೇಜಾರಾಗಲಿಲ್ಲ.

ದಿನ 9

ಗುಂಡಿ ಬಿಡುವುದರ ಬಗ್ಗೆ. ಈ ಕೆಲಸದಲ್ಲಿ ನನಗೆ ಅತಿ ಜಾಸ್ತಿ ಬುದ್ಧಿ ಕಲಿಸಿದ್ದು ಇದೇ.

ಬೇಗ ಗುಂಡಿ ಬಿಟ್ಟರೆ ಜಂಪ್ ಚಿಕ್ಕದಾಗಬೇಕು. ಇದನ್ನು ಮಾಡುವ ಸುಲಭದ ದಾರಿ ಅಂದರೆ, ಗುಂಡಿ ಬಿಟ್ಟ ಕೂಡಲೇ ಮೇಲಿನ ವೇಗವನ್ನು ಸೊನ್ನೆ ಮಾಡಿಬಿಡುವುದು. ನಾನೂ ಹಾಗೇ ಮಾಡಿದೆ. ಚೌಕ ಕಾಣದ ಸೂರಿಗೆ ತಲೆ ಹೊಡೆದುಕೊಂಡ ಹಾಗೆ ಗಾಳಿಯಲ್ಲಿ ತಟ್ಟನೆ ನಿಂತಿತು. ಅಸಹ್ಯ.

ಮೂಲ ಆಟದಲ್ಲಿ ವೇಗ ನಿಲ್ಲಿಸುವುದಿಲ್ಲ. ಗುಂಡಿ ಬಿಟ್ಟ ಫ್ರೇಮಿನಿಂದ ಆ ಭಾರದ ಗ್ರಾವಿಟಿಯನ್ನೇ ಹೇರುತ್ತಾರೆ, ಅಷ್ಟೇ. ಮಾರಿಯೊ ಇನ್ನೂ ಸ್ವಲ್ಪ ಹತ್ತುತ್ತಾನೆ, ಬಾಗುತ್ತಾನೆ, ಇಳಿಯುತ್ತಾನೆ. ಸುಮ್ನೆ ತಟ್ಟಿ ಬಿಟ್ಟರೆ ಒಂದು ಇಟ್ಟಿಗೆಗಿಂತ ತುಸು ಮೇಲೆ. ಪೂರ್ತಿ ಒತ್ತಿದರೆ ನಾಲ್ಕು ಇಟ್ಟಿಗೆ. ನಡುವಿನ ಎತ್ತರವೆಲ್ಲ ಹೆಬ್ಬೆರಳಿನ ಕೈಯಲ್ಲಿ.

ಇದರ ಅರ್ಥ ಏನು ಅಂತ ಹೊಳೆಯಲು ಎರಡು ದಿನ ಬೇಕಾಯಿತು. ನೆಲ ಬಿಟ್ಟ ಮೇಲೂ ಜಂಪ್ ಮುಗಿದಿರುವುದಿಲ್ಲ. 1981ರ ಡಾಂಕಿ ಕಾಂಗ್ ಆಟ ನೋಡಿ, ಅಲ್ಲೂ ಇದೇ ಮಾರಿಯೊ, ಆಗ ಹೆಸರು ಜಂಪ್‌ಮ್ಯಾನ್. ನೆಗೆದ ಮೇಲೆ ಗಾಳಿಯಲ್ಲಿ ದಾರಿ ಬದಲಿಸುವ ಹಾಗಿಲ್ಲ, ಸ್ವಲ್ಪ ಎತ್ತರದಿಂದ ಬಿದ್ದರೆ ಸಾವು. ಬಾಣ ಬಿಟ್ಟ ಹಾಗೆ, ಬಿಟ್ಟಾಯಿತು. ಅದನ್ನು ಮಾಡಿದ ಶಿಗೆರು ಮಿಯಮೊಟೊ ಅವರೇ ನಾಲ್ಕು ವರ್ಷ ಕಳೆದು ಮಾಡಿದ ಈ ಆಟದಲ್ಲಿ, ನೆಗೆದ ಮೇಲೆ ಮನಸ್ಸು ಬದಲಿಸಬಹುದು. ಅಯ್ಯೋ ಜಾಸ್ತಿ ಆಯ್ತು, ಗುಂಡಿ ಬಿಡು. ಅಯ್ಯೋ ಆ ಕಡೆ ಆಮೆ ಬರ್ತಿದೆ, ಹಿಂದಕ್ಕೆ ಎಳಿ. ಒಂದು ಸೆಕೆಂಡೂ ಹಿಡಿಯದ ಒಂದು ಜಂಪಿನಲ್ಲಿ ಆಟಗಾರ ಎರಡು ಮೂರು ಸಲ ತಿದ್ದಿಕೊಳ್ಳುತ್ತಾನೆ. ನಾವು ಸತ್ತಾಗ ಆಟವನ್ನು ಬೈಯದೆ "ಥೂ, ನಂದೇ ತಪ್ಪು" ಅಂತ ಮತ್ತೆ ಶುರು ಮಾಡುತ್ತೇವಲ್ಲ, ಅದಕ್ಕೆ ಕಾರಣ ಇದೇ ಅಂತ ನನ್ನ ಅನುಮಾನ. ತಿದ್ದಿಕೊಳ್ಳಲು ಅವಕಾಶ ಇತ್ತು, ನಾವು ತಿದ್ದಿಕೊಳ್ಳಲಿಲ್ಲ.

ದಿನ 10

ದೊಡ್ಡ ಪರದೆಯಲ್ಲಿ ನೋಡೋಣ ಅಂತ ಟಿವಿಗೆ ಜೋಡಿಸಿದೆ. ಜಂಪ್ ಕೆಟ್ಟು ಹೋಗಿತ್ತು. ನಿನ್ನೆ ಚೆನ್ನಾಗಿದ್ದದ್ದು ಇವತ್ತು ಮೊಸರಿನಲ್ಲಿ ಓಡಿದ ಹಾಗೆ. ಇಡೀ ಸಂಜೆ ಅಂಕಿ ತಿದ್ದಿದೆ. ಕೊನೆಗೆ ನೋಡಿದರೆ ತಪ್ಪು ಟಿವಿಯದು. ಚಿತ್ರವನ್ನು ಚಂದ ಮಾಡುತ್ತೇನೆ ಅಂತ ಅದು ಒಂದಷ್ಟು ಫ್ರೇಮ್ ತಡ ಮಾಡಿ ತೋರಿಸುತ್ತಿತ್ತು. ಗೇಮ್ ಮೋಡ್‌ಗೆ ಹಾಕಿದೆ, ಸರಿಹೋಯಿತು. ತಿದ್ದಿದ ಅಂಕಿಗಳನ್ನೆಲ್ಲ ವಾಪಸ್ ಹಾಕಲು ಇನ್ನೊಂದು ಗಂಟೆ. ಹಳೇ ಆಟವನ್ನು ಹೊಸ ಟಿವಿಯಲ್ಲಿ ಆಡಿ "ಛೇ, ಇದೇನಾ ಅದು" ಅನಿಸಿದ್ದರೆ, ಮೊದಲು ಟಿವಿಯನ್ನು ವಿಚಾರಿಸಿಕೊಳ್ಳಿ.

ದಿನ 17

ವಾರ ಪೂರ್ತಿ ಏನೂ ಮಾಡಲಿಲ್ಲ. ಕೆಲಸ ಇತ್ತು.

ಇವತ್ತು ಓಟ ಸೇರಿಸಿದೆ. ನಡೆದರೆ ಫ್ರೇಮಿಗೆ ಒಂದೂವರೆ ಪಿಕ್ಸೆಲ್, ಬಿ ಗುಂಡಿ ಒತ್ತಿ ಓಡಿದರೆ ಎರಡೂವರೆ. ಜೋರಾಗಿ ಓಡುತ್ತಾ ನೆಗೆದರೆ ಮೊದಲ ವೇಗವೇ 5, ಎತ್ತರ ಸುಮಾರು ಐದು ಇಟ್ಟಿಗೆ. ಅಂದರೆ ಓಟ ದೂರಕ್ಕೆ ಮಾತ್ರ ಅಲ್ಲ, ಎತ್ತರಕ್ಕೂ ಬೇಕು. ಹೆದರಿ ನಿಧಾನ ಹೋಗುವವನಿಗೆ ಈ ಆಟದಲ್ಲಿ ಕೆಲವು ಜಾಗ ಸಿಗುವುದೇ ಇಲ್ಲ.

ಒಂದು ಚಿಕ್ಕ ವಿಷಯ ತುಂಬಾ ಹಿಡಿಸಿತು. ಓಡುವಾಗ ಬಿ ಗುಂಡಿ ಬಿಟ್ಟರೂ 10 ಫ್ರೇಮ್ ತನಕ ಓಟ ನಿಲ್ಲುವುದಿಲ್ಲ. ಯಾಕಿರಬಹುದು? ಬೆಂಕಿ ಉಂಡೆ ಎಸೆಯುವುದೂ ಅದೇ ಗುಂಡಿ. ಎಸೆಯಲು ಗುಂಡಿ ಬಿಟ್ಟು ಮತ್ತೆ ಒತ್ತಬೇಕು. ಆ ಸಂದಿಯಲ್ಲಿ ಓಟ ಕಳೆದುಕೊಂಡರೆ ಆಟಗಾರನಿಗೆ ಸಿಟ್ಟು ಬರುತ್ತೆ. ಆರನೇ ಒಂದು ಸೆಕೆಂಡಿನ ಈ ಉದಾರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಚೌಕ ಏನೂ ಎಸೆಯುವುದಿಲ್ಲ, ಆದರೂ 10 ಫ್ರೇಮ್ ಹಾಕಿದ್ದೇನೆ. ಗೌರವಕ್ಕೆ.

ದಿನ 19

ಕೆಲಸ ಸೊನ್ನೆ. ಮೂಲ ಆಟವನ್ನೇ ಆಡುತ್ತಾ ಕೂತೆ. "ಹೋಲಿಕೆಗೆ" ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

1-2ರಿಂದ (ಅಂದರೆ ಮೊದಲ ಲೋಕದ ಎರಡನೇ ಲೆವೆಲ್) ನಾಲ್ಕನೇ ಲೋಕಕ್ಕೆ, 4-2ರಿಂದ ಎಂಟನೇ ಲೋಕಕ್ಕೆ ಅಡ್ಡದಾರಿಯ ಪೈಪ್ ಹಿಡಿದು ಹೋದರೂ, 8-1 ದಾಟುವಷ್ಟರಲ್ಲಿ ಜೀವ ಮುಗಿಯಿತು. ಇದನ್ನು ಐದು ನಿಮಿಷದೊಳಗೆ ಮುಗಿಸುವವರಿದ್ದಾರೆ. ಗೆದ್ದವರ ಸಮಯ 4 ನಿಮಿಷ 55 ಸೆಕೆಂಡಿಗಿಂತ ಕೆಳಗೆ ಇಳಿದಿದೆ. ಅವರ ಪರದಾಟ ಕೇಳಿದರೆ ನಗು ಬರುತ್ತೆ. ಲೆವೆಲ್ ಮುಗಿಯಿತಾ ಅಂತ ಆಟ 21 ಫ್ರೇಮಿಗೆ ಒಮ್ಮೆ ಮಾತ್ರ ವಿಚಾರಿಸುತ್ತೆ. ನೀವು ಐದು ಫ್ರೇಮ್ ಬೇಗ ಬಂದರೂ ಬಾಗಿಲಲ್ಲಿ ನಿಂತು ಕಾಯಬೇಕು. ಹಾಗಾಗಿ ಉಳಿತಾಯ ಆದರೆ 21 ಫ್ರೇಮ್ ಒಟ್ಟಿಗೆ, ಇಲ್ಲದಿದ್ದರೆ ಏನೂ ಇಲ್ಲ. ಇದಕ್ಕೋಸ್ಕರ ಜನ ವರ್ಷಗಟ್ಟಲೆ ಒಂದೇ ಲೆವೆಲ್ ಉಜ್ಜುತ್ತಾರೆ. ಪರದೆ ಮೇಲಿನ ಗಡಿಯಾರವೂ ನಂಬಿಕಸ್ಥ ಅಲ್ಲ. 400 ಅಂತ ತೋರಿಸುತ್ತೆ, ಆದರೆ 24 ಫ್ರೇಮಿಗೊಂದು ಅಂಕಿ ಇಳಿಯುತ್ತೆ. ಲೆಕ್ಕ ಹಾಕಿದರೆ 160 ಸೆಕೆಂಡ್ ಅಷ್ಟೇ.

ದಿನ 24

ನೆಗೆಯಲು ಬಂತು, ಇನ್ನು ಎಲ್ಲಿ ನೆಗೆಯುವುದು? ಗ್ರಾಫ್ ಹಾಳೆ ತಂದು ಒಂದು ಚಿಕ್ಕ ಲೆವೆಲ್ ಬರೆದೆ. ಮಿಯಮೊಟೊ, ಅವರ ಜೊತೆ ಈ ಆಟ ಮಾಡಿದ ತೆಜುಕಾ ಕೂಡ ಹಾಳೆಯ ಮೇಲೇ ಚೌಕ ಚೌಕ ಬರೆದವರು. ನನ್ನ ಹಾಳೆಯ ಫೋಟೊ ತೆಗೆದೆ, ಆ ಫೋಟೊ ಒಂದರಲ್ಲೇ ಅವರ ಇಡೀ ಆಟ ಎಷ್ಟೋ ಸಲ ಹಿಡಿಸುತ್ತೆ.

ಮೊದಲ ಪ್ರಯತ್ನ ಕೆಟ್ಟದಾಗಿತ್ತು. ಶುರುವಿನಲ್ಲೇ ಹಳ್ಳ ಇಟ್ಟಿದ್ದೆ, ನನ್ನ ಜಂಪ್ ಎಷ್ಟು ಚಂದ ಅಂತ ತೋರಿಸುವ ಆಸೆಗೆ. ಆಮೇಲೆ 1-1 ಅನ್ನು ಬಿಡಿಸಿ ನೋಡಿದೆ. ಆ ಲೆವೆಲ್ ಮೊದಲನೆಯದಾದರೂ ಅವರು ಮಾಡಿದ್ದು ಕೊನೆಕೊನೆಗೆ, ಆಟ ಏನು ಅಂತ ಅವರಿಗೇ ಪೂರ್ತಿ ಗೊತ್ತಾದ ಮೇಲೆ. ಮೊದಲು ಎದುರಾಗುವ ಗುಂಬಾ ಕೂಡ ತಡವಾಗಿ ಹುಟ್ಟಿದ್ದು. ಆಮೆಯನ್ನು ತುಳಿಯಬೇಕು, ಮತ್ತೆ ಒದೆಯಬೇಕು. ಹೊಸಬರಿಗೆ ಅದು ಕಷ್ಟ ಅಂತ, ತುಳಿದರೆ ಸಾಯುವ ಸರಳ ಪ್ರಾಣಿ ಬೇಕಾಯಿತು. ಅಷ್ಟು ಹೊತ್ತಿಗೆ ಜಾಗ ಖಾಲಿಯಾಗುತ್ತಾ ಬಂದಿತ್ತು. ಹಾಗಾಗಿ ಒಂದೇ ಚಿತ್ರವನ್ನು ಎಡಕ್ಕೂ ಬಲಕ್ಕೂ ಮಗುಚಿ ಮಗುಚಿ ನಡೆಸಿದರು. ನೋಡಿದರೆ ಪಾಪ, ಕುಂಟುತ್ತಾ ಬರುವ ಹಾಗೆ ಕಾಣುತ್ತೆ.

ಆದರೆ ನನ್ನನ್ನು ನಿಲ್ಲಿಸಿದ್ದು ಆ ಎರಡು ಜೋಡಿ ಮೆಟ್ಟಿಲು. ಮೊದಲ ಜೋಡಿಯ ನಡುವೆ ನೆಲ ಇದೆ. ತಪ್ಪಿ ಬಿದ್ದರೆ ಏನೂ ಆಗಲ್ಲ, ಎದ್ದು ಮತ್ತೆ ಹತ್ತಿ. ಮುಂದಿನ ಜೋಡಿಯ ನಡುವೆ ಅದೇ ತರಹದ ಸಂದಿ, ಆದರೆ ಕೆಳಗೆ ಹಳ್ಳ. ಎಲ್ಲೂ ಒಂದು ಅಕ್ಷರ ಬರೆದಿಲ್ಲ. ಅಭ್ಯಾಸ ಮಾಡಿಸಿ, ಆಮೇಲೆ ಪರೀಕ್ಷೆ ಇಟ್ಟಿದ್ದಾರೆ. ಎಷ್ಟು ನೂರು ಸಲ ಆ ಮೆಟ್ಟಿಲು ಹತ್ತಿದ್ದೇನೋ, ಪಾಠ ನಡೆಯುತ್ತಿದೆ ಅಂತ ಒಂದು ದಿನವೂ ಗೊತ್ತಾಗಿರಲಿಲ್ಲ.

ಹಾಳೆ ಹರಿದು ಹಾಕಿದೆ. ಹೊಸ ಲೆವೆಲ್‌ನಲ್ಲಿ ಮೊದಲು ಬರೀ ನೆಲ, ಆಮೇಲೆ ಒಂದು ಮೆಟ್ಟಿಲು. ಹಳ್ಳ ಕೊನೆಯಲ್ಲಿ.

ದಿನ 27

ಅಕ್ಕನ ಮಗಳು ಬಂದಿದ್ದಳು. ಒಂಬತ್ತು ವರ್ಷ. ಮಾರಿಯೊ ಯಾರು ಅಂತ ಗೊತ್ತು, ಹಳೇ ಆಟ ಆಡಿಲ್ಲ. ಏನೂ ಹೇಳದೆ ಕಂಟ್ರೋಲರ್ ಕೊಟ್ಟೆ.

"ಮಾಮಾ, ಇದಕ್ಕೆ ಮುಖ ಇಲ್ವಲ್ಲಾ?"

"ಇಲ್ಲ ಪುಟ್ಟಿ."

"ಎಷ್ಟು ಪಾಯಿಂಟ್?"

"ಪಾಯಿಂಟೂ ಇಲ್ಲ."

ಮುಖ ಸಿಂಡರಿಸಿಕೊಂಡಳು. ಒಂದು ಸಲ ನೆಗೆದಳು. ಇನ್ನೊಂದು ಸಲ, ಈ ಸಲ ಗುಂಡಿ ಬೇಗ ಬಿಟ್ಟಳು. ಎರಡೂ ಬೇರೆ ಬೇರೆ ಅಂತ ಕಂಡುಹಿಡಿದಿದ್ದು ಮುಖದಲ್ಲೇ ಗೊತ್ತಾಯಿತು. ಆಮೇಲೆ ಮೆಟ್ಟಿಲಿನ ಹತ್ತಿರ ಹೋಗಿ, ಮೆಟ್ಟಿಲು ಹತ್ತದೆ, ಅದರ ಅಂಚಿಗೆ ಮಾತ್ರ ಕಾಲು ತಾಗುವಷ್ಟು ಪುಟ್ಟ ಪುಟ್ಟ ಜಂಪ್ ಮಾಡುವ ಆಟ ಶುರು ಮಾಡಿದಳು. ಆ ಆಟ ನಾನು ಮಾಡಿದ್ದಲ್ಲ, ಅವಳೇ ಕಟ್ಟಿಕೊಂಡದ್ದು. ಓಡಿ ಬಂದು ಹಳ್ಳ ದಾಟುವಾಗ ಭುಜ ಎತ್ತುತ್ತಿದ್ದಳು, ಚೌಕದ ಜೊತೆ ತಾನೂ ನೆಗೆಯುವ ಹಾಗೆ. ಬಿದ್ದಳು. "ಬೇಗ ಬಿಟ್ಬಿಟ್ಟೆ" ಅಂದಳು. ನಾನು ಗುಂಡಿಯ ವಿಷಯ ಬಾಯಿ ಬಿಟ್ಟಿರಲಿಲ್ಲ.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. "ನಿನ್ನ ಸೊಸೆ ನೀನು ಕೊಟ್ಟದ್ದನ್ನ ಚೆನ್ನಾಗಿಲ್ಲ ಅಂತಾಳಾ?" ಅಂದ. ಅದೂ ಸರಿ. ಈ ವಾದ ಇನ್ನೂ ನಡೆಯುತ್ತೆ.

ಅವಳು ಮುಕ್ಕಾಲು ಗಂಟೆ ಆಡಿ, ಬಲಗಡೆಯ ಕೊನೆ ಗೋಡೆಗೆ ಚೌಕವನ್ನು ಗುದ್ದಿಸಿ, "ಇದು ಮುಗಿಯೋದೆಲ್ಲಿ?" ಅಂತ ಕೇಳಿದಳು. ಮುಗಿಸುವುದನ್ನೇ ಹಾಕಿರಲಿಲ್ಲ. ಮೂಲದಲ್ಲಿ ಅಲ್ಲೊಂದು ಬಾವುಟದ ಕಂಬ ಇರುತ್ತೆ, ತುದಿ ಹತ್ತಿರ ಹಿಡಿದರೆ 5000. ಅಂದರೆ ಲೆವೆಲ್ ಮುಗಿಯುವುದೂ ಒಂದು ಜಂಪಿನಲ್ಲೇ. ಮುಂದಿನ ಭಾನುವಾರ ಅವಳು ಮತ್ತೆ ಬರುತ್ತಾಳೆ, ಅಷ್ಟರೊಳಗೆ ಕಂಬ ನೆಡಬೇಕು. ಪಾಯಿಂಟೂ ಇರಬೇಕಂತೆ.