ಎರಡು ರಾತ್ರಿಗೆಂದು ಬಂದವನು

ಬೆಲೀಜ್ ದೇಶದ ಕೀ ಕಾಕರ್ ದ್ವೀಪ. ಎರಡು ರಾತ್ರಿಗೆಂದು ಬಂದವನಿಗೆ ಇಂದು ಐದನೆಯ ದಿನ. ಬೆಲೀಜ್ ಸಿಟಿಯಿಂದ ದೋಣಿಯಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ಮರಳಿನ ಬೀದಿಗಳಲ್ಲಿ ಸೈಕಲ್ಲು, ಗಾಲ್ಫ್ ಗಾಡಿ, ಬರಿಗಾಲು. ‘ಗೋ ಸ್ಲೋ’ ಎಂಬುದೇ ಊರಿನ ಧ್ಯೇಯವಾಕ್ಯ. ನಿನ್ನೆ ಸ್ವಲ್ಪ ಬಿರುಸಾಗಿ ಹೆಜ್ಜೆ ಹಾಕಿದ್ದಕ್ಕೆ ಎಳನೀರು ಮಾರುವ ಅಜ್ಜ, “ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ?” ಎಂದು ಕೇಳಿಬಿಟ್ಟರು!

ಬೆಳಗಿನ ತಿಂಡಿ ಫ್ರೈ ಜ್ಯಾಕ್. ನಮ್ಮ ಪೂರಿಯ ದಾಯಾದಿ ಎನ್ನಬಹುದು. ಬಾಜಿಯ ಬದಲು ಬೇಯಿಸಿ ಅರೆದ ಕಾಳು. ಸಂಜೆ ವಸತಿಗೃಹದ ಐದಾರು ಮಂದಿ ‘ಸ್ಪ್ಲಿಟ್’ ಎಂಬಲ್ಲಿ ಕಾಲು ಇಳಿಬಿಟ್ಟು ಕೂರುತ್ತೇವೆ. 1961ರ ಹ್ಯಾಟಿ ಚಂಡಮಾರುತ ಸೀಳಿದ, ಆಮೇಲೆ ಊರವರೂ ಅಗೆದು ಅಗಲಿಸಿದ ಕಾಲುವೆಯಿದು. ನಿನ್ನೆ ಪಡುವಣ ದಡದ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಗ ತೊರಕೆ ಮೀನೊಂದು ನನ್ನ ಪಾದ ಸವರಿಕೊಂಡು ಹೋಯಿತು. ನಾದಿದ ಹಿಟ್ಟಿನಷ್ಟು ನುಣುಪು. ಪಕ್ಕದಲ್ಲಿದ್ದ ಡಚ್ ಹುಡುಗಿ ಕಿರುಚುವ ಬದಲು ನನ್ನ ತೋಳು ಚಿವುಟಿದಳು.

ಇವರಲ್ಲಿ ಅರ್ಧದಷ್ಟು ಜನರ ಹೆಸರೇ ನನಗೆ ಗೊತ್ತಿಲ್ಲ. ಆದರೆ ಯಾರಿಗೆ ಗೊರಕೆಯಿದೆ, ಯಾರಿಗೆ ತಾಯಿಯ ಚಿಂತೆ ಎಂಬುದು ಗೊತ್ತು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಬಗ್ಗೆ ಇಷ್ಟೂ ತಿಳಿದಿಲ್ಲ. ಹೆಸರು ಮಾತ್ರ ಫಲಕದಲ್ಲಿದೆ.

ನಾಳೆ ಬೆಳಗಿನ ದೋಣಿಯ ಚೀಟಿ ಜೇಬಿನಲ್ಲಿತ್ತು. ಚಡ್ಡಿಯೊಂದಿಗೆ ಅದೂ ಸಮುದ್ರಕ್ಕಿಳಿದಿದೆ. ಸಮಯ ಏಳೋ ಒಂಬತ್ತೋ, ಓದಲಾಗುತ್ತಿಲ್ಲ.