ಸಿಎನ್‌ಜಿ ಸಿಲಿಂಡರ್‌ನ ಸೇಫ್ಟಿ ವಾಲ್ವ್ ಇರೋದು ಬಿಸಿಲಿಗಲ್ಲ

ಏಪ್ರಿಲ್ ಬಂತೆಂದರೆ ಮೈಸೂರು, ಮಂಡ್ಯ ಕಡೆ ಸಿಎನ್‌ಜಿ ಆಟೊ, ಕಾರು ಇಟ್ಟವರದ್ದು ಒಂದೇ ಪ್ರಶ್ನೆ: ಬಿಸಿಲಲ್ಲಿ ನಿಲ್ಲಿಸಿದರೆ ಸಿಲಿಂಡರ್ ಸಿಡಿಯುತ್ತಾ? ಸಿಡಿಯಲ್ಲ. ಸೇಫ್ಟಿ ವಾಲ್ವ್ ಕೂಡ ಆ ಬಿಸಿಲಿಗೆ ತೆರೆದುಕೊಳ್ಳೋದಿಲ್ಲ, ತೆರೆದುಕೊಳ್ಳಲೂಬಾರದು. ಅದು ಇರೋದು ಬೆಂಕಿ ಬಿದ್ದಾಗ ಸಿಲಿಂಡರ್ ಸಿಡಿಯೋ ಮೊದಲು ಗ್ಯಾಸನ್ನು ಹೊರಬಿಡೋದಕ್ಕೆ.

ನಮ್ಮಲ್ಲಿ ಸಿಎನ್‌ಜಿ ತುಂಬುವ ಲೆಕ್ಕ 15 ಡಿಗ್ರಿಯಲ್ಲಿ 200 ಬಾರ್ ಒತ್ತಡ. ಬಿಸಿ ಏರಿದಂತೆ ಒತ್ತಡವೂ ಏರುತ್ತೆ ನಿಜ. ಆದರೆ ಸಿಲಿಂಡರ್ ವಿನ್ಯಾಸ ಮಾಡುವಾಗಲೇ ಒಳಗಿನ ಗ್ಯಾಸು 65 ಡಿಗ್ರಿ, ಒತ್ತಡ 260 ಬಾರ್ ವರೆಗೆ ಹೋಗಬಹುದು ಅಂತ ಹಿಡಿದಿರುತ್ತಾರೆ. ಉಕ್ಕಿನ ಸಿಲಿಂಡರ್ 450 ಬಾರ್‌ಗಿಂತ ಮೊದಲು ಒಡೆಯಬಾರದು ಅನ್ನೋದು ನಿಯಮ.

ಈ ವಾಲ್ವನ್ನು ಕುಕ್ಕರಿನ ವಿಸಲ್ ಅಂದುಕೊಂಡವರೇ ಜಾಸ್ತಿ. ವಿಸಲ್ ಅಲ್ಲ, ಮುಚ್ಚಳದ ಮೇಲೆ ಪಕ್ಕದಲ್ಲಿ ಕೂತಿರುತ್ತಲ್ಲ, ನೀರು ಆರಿದಾಗ ಕರಗಿ ಹೋಗುವ ಆ ಗುಂಡಿ, ಅದರ ಜಾತಿ ಇದು. ಒಮ್ಮೆ ತೆರೆದರೆ ಮತ್ತೆ ಮುಚ್ಚಿಕೊಳ್ಳೋದಿಲ್ಲ. ಸಿಲಿಂಡರ್ ಪೂರ್ತಿ ಖಾಲಿಯಾಗೋವರೆಗೂ ಗ್ಯಾಸು ಹೋಗುತ್ತಲೇ ಇರುತ್ತೆ.

ಸಿಲಿಂಡರಿನ ಕತ್ತಿನ ಹತ್ತಿರ ನೋಡಿ. ಕೈಯಲ್ಲಿ ತಿರುಗಿಸುವ ವಾಲ್ವಿನ ಹಿತ್ತಾಳೆ ಬಾಡಿಯಲ್ಲೇ ಪಕ್ಕಕ್ಕೆ ಒಂದು ಷಟ್ಕೋನದ ಪ್ಲಗ್ ಇರುತ್ತೆ, ಮಧ್ಯದಲ್ಲಿ ತೂತು. ತುಂಬ ಕಡೆ ಅದರೊಳಗೆ ಎರಡು ಭಾಗ: ಗ್ಯಾಸಿನ ಕಡೆಗೆ ತೆಳ್ಳನೆ ಲೋಹದ ಬರ್ಸ್ಟ್ ಡಿಸ್ಕ್, ಅದರ ಹಿಂದೆ ಕರಗುವ ಮಿಶ್ರಲೋಹ. ಸಿಎನ್‌ಜಿ ಗಾಡಿಗಳ ಭಾಗಗಳಿಗೆ ಇರುವ ವಿಶ್ವಸಂಸ್ಥೆಯ ಆರ್ 110 ನಿಯಮದಲ್ಲಿ ಡಿಸ್ಕ್ ಹರಿಯಬೇಕಾದ್ದು 340 ಬಾರ್‌ಗೆ, ಶೇಕಡ 10 ಆಚೀಚೆ. ಶಾಖಕ್ಕೆ ತೆರೆಯುವ ಸಾಧನ ಕೆಲಸ ಮಾಡಬೇಕಾದ್ದು 110 ಡಿಗ್ರಿಗೆ, 10 ಆಚೀಚೆ. ಎರಡನ್ನೂ ಜೋಡಿಸೋದಕ್ಕೆ ಕಾರಣ ಉಂಟು. ದಿನಾ ತುಂಬಿ ಖಾಲಿ ಮಾಡ್ತಾ ಇದ್ದರೆ ಡಿಸ್ಕ್ ಬಳಲಿ ಸುಮ್ಮನೆ ಒಂದು ದಿನ ಹರಿದುಬಿಡಬಹುದು; ಹಿಂದಿನ ಲೋಹ ಅದಕ್ಕೆ ಒತ್ತಾಸೆ. ಇತ್ತ ಮಿಶ್ರಲೋಹದ ಮೇಲೆ ಸದಾ 200 ಬಾರ್ ಕೂತರೆ ಅದು ಮೆಲ್ಲಗೆ ಹೊರಕ್ಕೆ ಜರುಗುತ್ತೆ. ಮುಂದಿನ ಡಿಸ್ಕ್ ಆ ಭಾರ ತಡೆಯುತ್ತೆ.

ಈ ಜೋಡಿಗೆ ಒಂದು ದೊಡ್ಡ ಕೊರತೆ ಇದೆ, ಅದನ್ನು ಹೇಳುವವರು ಕಡಿಮೆ. ಗ್ಯಾಸು ಹೊರಗೆ ಹೋಗಬೇಕಾದರೆ ಲೋಹ ಕರಗಬೇಕು, ಜೊತೆಗೆ ಒತ್ತಡವೂ 340ರ ಹತ್ತಿರ ಮುಟ್ಟಬೇಕು. ಅರ್ಧ ಖಾಲಿ ಸಿಲಿಂಡರಿಗೆ ಬೆಂಕಿ ತಗುಲಿದರೆ? 27 ಡಿಗ್ರಿಯಲ್ಲಿ 100 ಬಾರ್ ಇರುವ ಗ್ಯಾಸು 340 ಮುಟ್ಟಬೇಕಾದರೆ, ಒರಟು ಲೆಕ್ಕದಲ್ಲಿ, 750 ಡಿಗ್ರಿ ಆಗಬೇಕು. ಉಕ್ಕು 550–600 ಡಿಗ್ರಿಗೇ ಅರ್ಧದಷ್ಟು ಬಲ ಕಳೆದುಕೊಂಡಿರುತ್ತೆ, ಅದೂ ಸಿಲಿಂಡರಿನ ಗೋಡೆ, ಒಳಗಿನ ಗ್ಯಾಸಿಗಿಂತ ಬೇಗ ಕಾಯುತ್ತೆ. ಅಂದರೆ ತುಂಬಿದ ಸಿಲಿಂಡರಿಗಿಂತ ಅರ್ಧ ಖಾಲಿಯಾದದ್ದೇ ಬೆಂಕಿಯಲ್ಲಿ ಹೆಚ್ಚು ಮೋಸ ಮಾಡಬಹುದು. ಒತ್ತಡಕ್ಕೆ ಕಾಯದೆ ಶಾಖಕ್ಕೇ ತೆರೆಯುವ ವಾಲ್ವೇ ವಾಸಿ ಅನ್ನೋದು ಇದಕ್ಕೆ. ಫೈಬರ್ ಸುತ್ತಿದ ಹಗುರ ಸಿಲಿಂಡರುಗಳಲ್ಲಂತೂ ಗೋಡೆ ಶಾಖವನ್ನು ಒಳಗೆ ಬಿಡೋದೇ ಕಡಿಮೆ, ಒತ್ತಡ ಏರುವ ಮೊದಲೇ ಫೈಬರ್ ಸುಟ್ಟಿರುತ್ತೆ. ಹಾಗಂತ ಇರುವ ವಾಲ್ವ್ ಬಿಚ್ಚಿ ಬೇರೆ ಜಾತಿಯದ್ದು ಹಾಕಿಸಬೇಡಿ. ಕಿಟ್‌ಗೆ ಒಪ್ಪಿಗೆ ಸಿಗೋದು ಇಡೀ ಸೆಟ್ಟಾಗಿ.

ಇನ್ನೊಂದು, ಶಾಖ ವಾಲ್ವಿಗೆ ತಲುಪಬೇಕು. ಉದ್ದ ಸಿಲಿಂಡರಿನ ಒಂದು ತುದಿಗೆ ಬೆಂಕಿ, ವಾಲ್ವ್ ಇನ್ನೊಂದು ತುದಿಗೆ ಅಂದರೆ ಲೋಹ ಕರಗೋದು ತಡವಾಗುತ್ತೆ. ಮಂಡ್ಯದ ಗದ್ದೆ ರಸ್ತೆಗಳಲ್ಲಿ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಕೊಡ್ತಾರಲ್ಲ, ಅಂಥ ಕಡೆ ಬದುವಿನ ಪಕ್ಕ ಗೂಡ್ಸ್ ಆಟೊ ನಿಲ್ಲಿಸಿ ಹೋಗಬೇಡಿ. ಮಧ್ಯಾಹ್ನದ ಬಿಸಿಲಿಗೆ ಹೆದರೋದಕ್ಕಿಂತ ಇದಕ್ಕೆ ಹೆದರೋದು ಮೇಲು.

ಕಾರಿನ ಡಿಕ್ಕಿಯಲ್ಲಿ ಸಿಲಿಂಡರ್ ಇದ್ದರೆ ವಾಲ್ವಿನ ಸುತ್ತ ಗ್ಯಾಸು ಸೋರದ ಕವರ್, ಅದರಿಂದ ಕಾರಿನ ಹೊರಕ್ಕೆ ಹೋಸ್ ಪೈಪು ಇರಲೇಬೇಕು. ಹೊರಹೋಗುವ ದಾರಿ ಕನಿಷ್ಠ 450 ಚದರ ಮಿಲಿಮೀಟರ್. ಬಾಯಿ ಚಕ್ರದ ಗೂಡಿನೊಳಕ್ಕೆ ತೆರೆಯಬಾರದು, ಸೈಲೆನ್ಸರ್ ಕಡೆಗೂ ತಿರುಗಿರಬಾರದು. ಕೆಡೋದು ಹೆಚ್ಚಾಗಿ ಇಲ್ಲೇ: ಲಗೇಜು ತಾಗಿ ಹೋಸ್ ಕಳಚಿರುತ್ತೆ, ಕ್ಲಿಪ್ ಸಡಿಲವಾಗಿರುತ್ತೆ, ಕೆಳಗಿನ ಬಾಯಿಗೆ ಕೆಸರು ಮೆತ್ತಿ ಗಟ್ಟಿಯಾಗಿರುತ್ತೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಗ್ಗಿ ನೋಡಿ.

ಪ್ಲಗ್ಗಿನ ತೂತಿನಲ್ಲಿ ಸಣ್ಣಗೆ ಸೋರ್ತಿದೆಯಾ ಅಂತ ಸೋಪಿನ ನೀರು ಹಚ್ಚಿ ನೋಡಬಹುದು. ಗುಳ್ಳೆ ಬಂದರೆ ಗಾಡಿ ಬಯಲಲ್ಲಿ ನಿಲ್ಲಿಸಿ, ಅಧಿಕೃತ ಕಿಟ್ ಸೆಂಟರಿನವರನ್ನು ಕರೆಸಿ. ಒತ್ತಡ ಇರುವಾಗ ಸ್ಪ್ಯಾನರ್ ಹಾಕಿ ಬಿಗಿ ಮಾಡೋದು ಬೇಡ. ತೂತಿಗೆ ಎಂ-ಸೀಲ್ ಮೆತ್ತೋದು, ಪ್ಲಗ್ ತೆಗೆದು ಬೋಲ್ಟ್ ಕೂರಿಸೋದು, ಇವೆರಡನ್ನೂ ಮಾಡಿಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಅಲ್ಲಿಗೆ ಸಿಲಿಂಡರಿಗೆ ಬೆಂಕಿಯಲ್ಲಿ ಉಳಿಯುವ ದಾರಿಯೇ ಮುಚ್ಚಿಹೋಯ್ತು. ಪ್ಲಗ್ ಮೇಲೆ ಪೇಂಟ್ ಹೊಡೆಸೋದೂ ತಪ್ಪು. ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್‌ಗೆ (ನೀರು ತುಂಬಿ ಒತ್ತಡ ಹಾಕಿ ನೋಡೋ ಪರೀಕ್ಷೆ) ಸಿಲಿಂಡರ್ ಇಳಿಸಿದಾಗ ವಾಲ್ವನ್ನೂ ಪರೀಕ್ಷೆ ಮಾಡಿಸಿ. ಬರೀ ಪ್ಲೇಟಿನ ಮೇಲೆ ತಾರೀಖು ಹೊಡೆಸಿಕೊಂಡು ಬಂದರೆ ಬಂಕಿನಲ್ಲಿ ಗ್ಯಾಸು ಸಿಗುತ್ತೆ ಅಷ್ಟೇ.

ನಿಜವಾಗಿ ಬೆಂಕಿ ಬಿದ್ದು ವಾಲ್ವ್ ತೆರೆದರೆ ಕಿವಿ ಒಡೆಯುವಂಥ ಶಬ್ದ ಬರುತ್ತೆ, ಗ್ಯಾಸು ಹೊತ್ತಿಕೊಂಡು ಉದ್ದನೆ ಜ್ವಾಲೆಯೂ ಬರಬಹುದು. ಅದು ಕೆಟ್ಟಿದ್ದಲ್ಲ, ಕೆಲಸ ಮಾಡ್ತಿರೋದು. ದೂರ ಹೋಗಿ, 112ಕ್ಕೆ ಫೋನ್ ಮಾಡಿ. ವಾಲ್ವ್ ಇನ್ನೂ ತೆರೆಯದಿದ್ದಾಗ ಅದರ ಮೇಲೆ ನೀರು ಸುರಿದರೆ ಲೋಹ ಕರಗೋದೇ ನಿಂತುಬಿಡುತ್ತೆ, ಸಿಲಿಂಡರ್ ಮಾತ್ರ ಕಾಯ್ತಾ ಇರುತ್ತೆ.

ಅದೇ ವಾಲ್ವ್ ಬಾಡಿಯಲ್ಲಿ ಎಕ್ಸೆಸ್ ಫ್ಲೋ ವಾಲ್ವ್ ಅಂತ ಇನ್ನೊಂದಿದೆ. ಪೈಪು ತುಂಡಾದರೆ ಗ್ಯಾಸನ್ನು ಹೆಚ್ಚುಕಡಿಮೆ ನಿಲ್ಲಿಸೋದು ಅದರ ಕೆಲಸ. ಸರ್ವಿಸ್ ಆದ ಮೇಲೆ ಕೈವಾಲ್ವನ್ನು ಗಬಕ್ಕನೆ ತಿರುಗಿಸಿದರೆ ಪೈಪು ತುಂಡಾಗಿದೆ ಅಂದುಕೊಂಡು ಅದು ಮುಚ್ಚಿಕೊಳ್ಳುತ್ತೆ, ಗಾಡಿ ಗ್ಯಾಸಿನಲ್ಲಿ ಎಳೆಯೋದಿಲ್ಲ. ಕಿಟ್ ಬದಲಿಸೋ ಮೊದಲು ಕೈವಾಲ್ವ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನಿಧಾನಕ್ಕೆ ತೆರೆದು ನೋಡಿ.