ಅದೇ ಪ್ರಶ್ನೆ, ಮತ್ತೆ ಮತ್ತೆ

ಇಂದು ಬೆಳಿಗ್ಗೆಯಿಂದ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಹಳೆಯ ಸಮೀಕ್ಷೆಗಳ ಅಂಕಿಗಳನ್ನು ಓದುತ್ತಿದ್ದೇನೆ. ಎದುರು ಪಕ್ಷದ ಬಗ್ಗೆ ತೀವ್ರ ಅಸಮಾಧಾನ ಹೊಂದಿದ್ದವರು 1994ರಲ್ಲಿ ರಿಪಬ್ಲಿಕನ್ನರಲ್ಲಿ ಶೇ. 17, ಡೆಮಾಕ್ರಟರಲ್ಲಿ ಶೇ. 16ರಷ್ಟಿದ್ದರು, 2014ರ ಹೊತ್ತಿಗೆ ಆ ಪ್ರಮಾಣ ಕ್ರಮವಾಗಿ ಶೇ. 43 ಮತ್ತು ಶೇ. 38ಕ್ಕೆ ಏರಿತ್ತು. ಇಪ್ಪತ್ತು ವರ್ಷಗಳ ಕಾಲ ಅದೇ ಪ್ರಶ್ನೆಯನ್ನು ಕೇಳುತ್ತಾ ಬಂದ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಏಕೆಂದರೆ ಪ್ರಶ್ನೆಯ ಮಾತು ತುಸು ಬದಲಾದರೂ, ಬದಲಾದದ್ದು ಜನರ ಮನಸ್ಸೋ ನಮ್ಮ ಅಳತೆಗೋಲೋ ಎಂದು ಖಚಿತವಾಗಿ ಹೇಳಲಾಗದು.

ಆದರೂ ಒಂದು ಸಂದೇಹ ನನ್ನನ್ನು ಬಿಡುತ್ತಿಲ್ಲ. ಪ್ರತಿ ಬಾರಿಯೂ ಹೊಸಬರನ್ನೇ ಆರಿಸಿ ಕೇಳುವ ಸಮೀಕ್ಷೆಯಲ್ಲಿ, ವ್ಯಕ್ತಿಯೊಬ್ಬ ತನ್ನ ನಿಲುವನ್ನು ಬಿಗಿಗೊಳಿಸಿಕೊಂಡನೇ ಅಥವಾ ಮಧ್ಯಮ ನಿಲುವಿನವನಾಗಿಯೇ ಉಳಿದು ಪಕ್ಷವನ್ನು ತೊರೆದನೇ ಎಂಬುದು ಕಾಣುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಪಕ್ಷಗಳ ನಡುವಿನ ಅಂತರ ಹಿಗ್ಗಿದಂತೆಯೇ ತೋರುತ್ತದೆ. ಅದನ್ನು ಬಿಡಿಸಿ ನೋಡಲು ಅದೇ ಜನರನ್ನು ವರ್ಷಗಳ ನಂತರ ಮತ್ತೆ ಮಾತನಾಡಿಸಬೇಕು. ಅದು ದುಬಾರಿ ಕೆಲಸ, ನಡುವೆ ಕೈಬಿಟ್ಟು ಹೋಗುವವರೂ ಅನೇಕರು. ಹಾಗೆ ಉಳಿದುಕೊಂಡು ಉತ್ತರಿಸುವವರು ಬಹುಪಾಲು ರಾಜಕೀಯದಲ್ಲಿ ಹೆಚ್ಚು ಆಸಕ್ತಿಯುಳ್ಳವರೇ ಆಗಿರುತ್ತಾರೆ.